ನೀರು ಕುಡಿ, ನೀರು ಕುಡಿ

ಭಾನುವಾರ ಸಂಜೆ ಪಕ್ಕದ ಮೇಜಿನಲ್ಲಿ ಸ್ಪೈಸಿ ಫ್ರೈಡ್ ಚಿಕನ್ ತಿನ್ನುತ್ತಿದ್ದ ಹುಡುಗನಿಗೆ ಎಂಟೋ ಒಂಬತ್ತೋ ವಯಸ್ಸಿರಬಹುದು. ಡ್ರಮ್‌ಸ್ಟಿಕ್‌ಗೆ ಬಾಯಿ ಹಾಕಿದವನೇ ಕೆಮ್ಮಿದ. ಇನ್ನೊಂದು ಕಚ್ಚಿಗೆ ಕಣ್ಣಲ್ಲಿ ನೀರು, ತುಟಿಯ ಸುತ್ತ ಕೆಂಪು. ಅಪ್ಪ ‘ನೀರು ಕುಡಿ, ನೀರು ಕುಡಿ’ ಎನ್ನುತ್ತಲೇ ಇದ್ದರು, ಅವನು ಕುಡಿಯುತ್ತಲೇ ಇದ್ದ. ಬಾಟಲಿ ಖಾಲಿಯಾಯಿತು, ಉರಿ ಇಳಿಯಲಿಲ್ಲ. ಆಮೇಲೆ ಕೋಲಾ ಮುಂದೆ ತಳ್ಳಿದರು, ಹುಡುಗ ಇನ್ನೂ ಜೋರಾಗಿ ಅತ್ತ. ಆ ‘ನೀರು ಕುಡಿ’ ವಾರವಿಡೀ ಕಿವಿಯಲ್ಲೇ ಇದೆ. ಅಪ್ಪನನ್ನು ದೂರಲು ಮನಸ್ಸಾಗದು, ಗಾಬರಿಯಲ್ಲಿ ಯಾರ ಕೈಗಾದರೂ ಮೊದಲು ಸಿಗುವುದು ನೀರೇ. ಎದುರು ಕೂತು ‘ಇಷ್ಟಕ್ಕೇ ಅಳ್ತೀಯಾ’ ಎಂದು ನಗುತ್ತಿದ್ದ ಆ ಇನ್ನೊಬ್ಬ ದೊಡ್ಡವರ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಖಾರ ತಡೆದುಕೊಳ್ಳುವುದು ಗಂಡಸುತನದ ಪರೀಕ್ಷೆ ಅಲ್ಲ.

ಮೆಣಸಿನ ಉರಿಗೆ ಕಾರಣ ಕ್ಯಾಪ್ಸೈಸಿನ್. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ನೀರು ನುಂಗುವಷ್ಟು ಹೊತ್ತು ಬಾಯಿ ತಣ್ಣಗಾಗುತ್ತದೆ, ಗುಟುಕು ಕೆಳಗಿಳಿದ ಕೂಡಲೇ ಉರಿ ಅಲ್ಲೇ ಇರುತ್ತದೆ. ಕೋಲಾದ ಗಾಳಿಗುಳ್ಳೆಗಳಂತೂ ಬಾಯಲ್ಲಿ ಆಮ್ಲವಾಗಿ, ಆಗಲೇ ನೊಂದ ನರಗಳನ್ನೇ ಚುಚ್ಚುತ್ತವೆ. ಬೇಕಾದದ್ದು ತಣ್ಣನೆಯ ಹಾಲು. ಅದರಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ನನ್ನು ಹಿಡಿದು ಎಳೆದೊಯ್ಯುತ್ತದೆ. ಕೊಬ್ಬು ತೆಗೆದ ಹಾಲಾದರೂ ಕೆಲಸ ಆಗುತ್ತದೆ. ಗಟಗಟ ಕುಡಿಯುವುದಲ್ಲ, ಒಂದು ಗುಟುಕನ್ನು ಹತ್ತು ಹದಿನೈದು ಸೆಕೆಂಡು ಬಾಯಲ್ಲೇ ಆಡಿಸಿ ನುಂಗಬೇಕು. ಆ ಅಂಗಡಿಯಲ್ಲಿ ಹಾಲು ಇರಲಿಲ್ಲ, ಆದರೆ ಐಸ್‌ಕ್ರೀಮ್ ಯಂತ್ರ ಹುಡುಗನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಹಾಲು, ಸಕ್ಕರೆ, ತಂಪು ಮೂರೂ ಒಂದೇ ಕಪ್ಪಿನಲ್ಲಿ. ಸಮವಸ್ತ್ರ ಹಾಕಿ ಅಲ್ಲೇ ನಿಂತಿದ್ದವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ತಪ್ಪು ಅವರದಲ್ಲ, ಕಲಿಸದವರದು.

ಬಿಸಿಬಿಸಿ ತಿಂದಿದ್ದೂ ಒಂದು ಕಾರಣ. ನಾಲಿಗೆಯಲ್ಲಿ ಕ್ಯಾಪ್ಸೈಸಿನ್ ಕೂರುವ ಗ್ರಾಹಕವೇ, ಅಂದರೆ ಉರಿಯನ್ನು ಅರಿಯುವ ನರತುದಿಯ ಪ್ರೋಟೀನೇ, ಸುಮಾರು 43 ಡಿಗ್ರಿಗೆ ಮೀರಿದ ಶಾಖವನ್ನೂ ಅರಿಯುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿದ್ದು ಇದನ್ನೇ, 2021ರ ನೊಬೆಲ್ ಬಂದದ್ದೂ ಇಂಥ ಸಂಶೋಧನೆಗೇ. ಖಾರ ತಾಗಿದ ಮೇಲೆ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ, ಬರೀ ಬೆಚ್ಚಗಿರುವುದೂ ಸುಡುತ್ತದೆ. ಡಬ್ಬಿ ತೆರೆದಿಟ್ಟು ಐದು ನಿಮಿಷ ಕಾದರೆ ಅದೇ ತುಂಡಿನ ಖಾರ ಎಷ್ಟೋ ಸಹ್ಯ. ಮುಚ್ಚಳ ತೆರೆದೇ ಇಡಬೇಕು, ಇಲ್ಲವಾದರೆ ಹಬೆ ಕೂತು ಗರಿಗರಿ ಹೊದಿಕೆ ಮೆತ್ತಗಾಗುತ್ತದೆ.

ಇನ್ನು ಕೆಮ್ಮು. ಅದರ ಉತ್ತರ ನನ್ನ ತಟ್ಟೆಯ ತುಂಡಿನಲ್ಲೇ ಇತ್ತು. ಹೊದಿಕೆಯ ಉಬ್ಬುತಗ್ಗುಗಳ ಮೇಲೆ ಇಟ್ಟಿಗೆ ಬಣ್ಣದ ಒಣ ಪುಡಿ, ಬೆರಳಿಟ್ಟರೆ ಅಂಟಿಕೊಂಡು ಬರುವಷ್ಟು. ತಗ್ಗುಗಳಲ್ಲಿ ಅದು ಎಣ್ಣೆ ಕುಡಿದು ಕಪ್ಪಗಾಗಿತ್ತು, ಉಬ್ಬುಗಳ ಮೇಲೆ ಸಡಿಲವಾಗಿ ಕೂತಿತ್ತು. ಕಚ್ಚುವಾಗ ಉಸಿರೆಳೆದುಕೊಂಡರೆ ಈ ಪುಡಿ ನೇರ ಗಂಟಲಿಗೆ. ಹೊದಿಕೆ ಬಿಡಿಸಿ ಒಳಗಿನ ಮಾಂಸವನ್ನಷ್ಟೇ ತಿಂದು ನೋಡಿದೆ: ರಸ ಇತ್ತು, ಉಪ್ಪು ಸಾಲದು, ಖಾರದ ಸುಳಿವೇ ಇಲ್ಲ. ಅಲ್ಲಿಗೆ ಗೊತ್ತಾಯಿತು, ಸಾದಾ ಚಿಕನ್ ಕರಿದು ಕೊನೆಗೆ ಖಾರಪುಡಿ ಉದುರಿಸಿದ್ದಾರೆ.

ಹಾಗೆ ಉದುರಿಸುವುದು ತಪ್ಪಲ್ಲ. ಖಾರ ಎಲುಬಿನವರೆಗೆ ಇಳಿಯುತ್ತದೆ ಎಂಬ ನಂಬಿಕೆಯೇ ಹುಸಿ. ನೆನೆಹಾಕಿದಾಗ ಮಾಂಸದೊಳಕ್ಕೆ ನಿಜಕ್ಕೂ ಇಳಿಯುವುದು ಉಪ್ಪು. ಮೆಣಸು ಎಷ್ಟು ಹೊತ್ತು ನೆನೆದರೂ ಬಹುಪಾಲು ಮೇಲ್ಪದರದಲ್ಲೇ ಉಳಿಯುತ್ತದೆ. ಹಾಗಾಗಿ ಒಳಗಿನ ರುಚಿ ಉಪ್ಪಿನದು, ಹೊರಗಿನ ರುಚಿ ಖಾರದ್ದು. ಈ ಅಂಗಡಿ ಒಳಗಿನದನ್ನು ಬಿಟ್ಟು ಹೊರಗಿನದಕ್ಕೆ ಸುರಿದಿತ್ತು. ಮನೆಯಲ್ಲಿ ಮಾಡುವುದಾದರೆ ಒಂದು ಕಿಲೋ ಎಲುಬುಸಹಿತ ಚಿಕನ್‌ಗೆ 12 ಗ್ರಾಂ ಉಪ್ಪು, ಮುಳುಗುವಷ್ಟು ಗಟ್ಟಿ ಮಜ್ಜಿಗೆ, ಎರಡು ಚಮಚ ಖಾರಪುಡಿ ಹಾಕಿ ಫ್ರಿಜ್‌ನಲ್ಲಿ ಕಡಿಮೆಯೆಂದರೆ ನಾಲ್ಕು ಗಂಟೆ, ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು.

ಹೊದಿಕೆಗೆ 250 ಗ್ರಾಂ ಮೈದಾ, 50 ಗ್ರಾಂ ಕಾರ್ನ್‌ಫ್ಲೋರ್, ಒಂದು ಚಮಚ ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್. ಇದಕ್ಕೆ ಆ ಮಜ್ಜಿಗೆಯನ್ನೇ ಮೂರ್ನಾಲ್ಕು ಚಮಚ ಚಿಮುಕಿಸಿ ಬೆರಳಲ್ಲಿ ಉಜ್ಜಿದರೆ ಸಣ್ಣ ಸಣ್ಣ ಉಂಡೆಗಳಾಗುತ್ತವೆ. ಅಂಗಡಿಯ ಚಿಕನ್ನಿನಂಥ ಉಬ್ಬುತಗ್ಗು ಬರುವುದು ಈ ಉಂಡೆಗಳಿಂದಲೇ. ಹಿಟ್ಟು ಒತ್ತಿ ಹಚ್ಚಿ ಹದಿನೈದು ನಿಮಿಷ ಬಿಡಬೇಕು. ಆತುರಪಟ್ಟರೆ ಒಣಹಿಟ್ಟು ಎಣ್ಣೆಯಲ್ಲೇ ಕಳಚಿ, ಸುಟ್ಟು, ಮುಂದಿನ ಸರದಿಯನ್ನೂ ಕಹಿ ಮಾಡುತ್ತದೆ. ಹಿಟ್ಟಿಗೆ ಖಾರಪುಡಿ ಒಂದು ಚಮಚ ಸಾಕು. ಮೆಣಸು ಮೈದಾಕ್ಕಿಂತ ಮೊದಲು ಸೀದುಹೋಗುತ್ತದೆ, ಹೊದಿಕೆ ಕಪ್ಪಾಗಿಯೂ ಮಾಂಸ ಬೇಯದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಎಣ್ಣೆ 170 ಡಿಗ್ರಿ ಇರಲಿ, ತುಂಡು ಬಿಟ್ಟಾಗ 150ರ ಆಸುಪಾಸಿಗೆ ಇಳಿಯುತ್ತದೆ. ಒಮ್ಮೆಗೇ ಹೆಚ್ಚು ತುಂಬಿ ಇನ್ನೂ ಇಳಿಸಿದರೆ ಹೊದಿಕೆ ಎಣ್ಣೆ ಕುಡಿಯುತ್ತದೆ. ಕಾಲು ಮತ್ತು ತೊಡೆಗೆ ಹನ್ನೆರಡರಿಂದ ಹದಿನೈದು ನಿಮಿಷ. ಒಳಗೆ 74 ಡಿಗ್ರಿ ಮುಟ್ಟಿದರೆ ಸುರಕ್ಷಿತ, ತೊಡೆ 80 ದಾಟಿದರೇ ಮೃದು. ಎಲುಬಿನ ಬಳಿ ಕೆಂಪಗೆ ಕಂಡ ಮಾತ್ರಕ್ಕೆ ಹಸಿ ಎಂದಲ್ಲ, ಎಳೆಯ ಕೋಳಿಯ ಮಜ್ಜೆಯ ಬಣ್ಣ ಅದು. ಥರ್ಮಾಮೀಟರನ್ನು ನಂಬಿ.

ಖಾರದ ಸರದಿ ಕೊನೆಗೆ. ಅಮೆರಿಕದ ನ್ಯಾಶ್‌ವಿಲ್‌ನ ಹಾಟ್ ಚಿಕನ್ ಮಾಡುವವರು ಮೆಣಸಿನ ಪುಡಿಯನ್ನು ಬಿಸಿ ಕೊಬ್ಬಿನಲ್ಲಿ ಕಲಸಿ, ಕರಿದ ತುಂಡಿಗೆ ಸವರುತ್ತಾರೆ. ಕರಿದ ಎಣ್ಣೆಯನ್ನೇ ನಾಲ್ಕು ದೊಡ್ಡ ಚಮಚ ತೆಗೆದು ಒಂದೆರಡು ನಿಮಿಷ ಆರಲು ಬಿಟ್ಟು, ಎರಡು ದೊಡ್ಡ ಚಮಚ ಖಾರಪುಡಿ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಕಲಸಿದರೆ ಆಯಿತು. ಪುಡಿ ಎಣ್ಣೆಯಲ್ಲಿ ಬಂಧಿಯಾಗಿರುತ್ತದೆ, ಗಂಟಲಿಗೆ ಹಾರುವುದಿಲ್ಲ. ಉರಿ ನಿಧಾನವಾಗಿ ಏರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ ಕೂಡ.

ಖಾರವನ್ನು ಕೀಳಾಗಿ ಕಾಣುವವನು ನಾನಲ್ಲ. 1972ರಲ್ಲಿ ಅಲ್ ಕೋಪ್‌ಲ್ಯಾಂಡ್ ನ್ಯೂ ಆರ್ಲಿಯನ್ಸ್ ಪಕ್ಕದ ಅರಾಬಿಯಲ್ಲಿ ಸಪ್ಪೆ ಚಿಕನ್ ಮಾರಲು ಹೋಗಿ ಗಿರಾಕಿಗಳಿಲ್ಲದೆ, ಖಾರದ ರೆಸಿಪಿ ಹಿಡಿದ ಮೇಲೆಯೇ ಗೆದ್ದದ್ದು. ಇವತ್ತಿನ ಪಾಪಾಯ್ಸ್ ಎಂಬ ಫ್ರೈಡ್ ಚಿಕನ್ ಮಳಿಗೆಗಳ ಸರಣಿ ಹುಟ್ಟಿದ್ದು ಹಾಗೆ. ಜನಕ್ಕೆ ಖಾರ ಬೇಕು, ಸರಿ. ಆದರೆ ಮೆನುವಿನಲ್ಲಿ ಒಂದು ಮೆಣಸಿನಕಾಯಿಯ ಚಿತ್ರ ಬಿಟ್ಟರೆ ಬೇರೇನೂ ಹೇಳದಿರುವುದು ಸರಿಯಲ್ಲ. ಆ ಚಿತ್ರ ನೋಡಿ ಆ ಅಪ್ಪ ಏನೆಂದು ಊಹಿಸಬೇಕಿತ್ತು?

ಮಕ್ಕಳ ಜೊತೆ ಹೋದರೆ ಕೌಂಟರಿನಲ್ಲಿ ಕೇಳಬೇಕಾದದ್ದು ‘ಖಾರ ಇದೆಯಾ’ ಎಂದಲ್ಲ. ಅದಕ್ಕೆ ಎಲ್ಲರೂ ‘ಸ್ವಲ್ಪ ಸರ್’ ಎಂದೇ ಹೇಳುತ್ತಾರೆ. ಖಾರ ಹಿಟ್ಟಿನಲ್ಲೇ ಇದೆಯೋ, ಕರಿದ ಮೇಲೆ ಹಾಕುತ್ತೀರೋ ಎಂದು ಕೇಳಿ. ಹಿಟ್ಟಿನಲ್ಲಿದ್ದರೆ ಹೊದಿಕೆ ಬಿಡಿಸಿ ಒಳಗಿನ ಮಾಂಸ ಕೊಡಿ. ಮೇಲೆ ಹಾಕುವುದಾದರೆ ಒಂದು ತುಂಡಿಗೆ ಪುಡಿ ಬೇಡ ಎನ್ನಿ. ಅದು ಕೊನೆಯ ಕೆಲಸವಾದ್ದರಿಂದ ಅಡುಗೆಯವರಿಗೆ ಹೆಚ್ಚುವರಿ ಶ್ರಮವೇನೂ ಇಲ್ಲ, ಪುಡಿಯ ಡಬ್ಬಿಯನ್ನು ಒಂದು ಸಲ ಕಡಿಮೆ ಅಲ್ಲಾಡಿಸಿದರೆ ಮುಗಿಯಿತು.