ಪ್ಯಾಟ್ ಸಮಿಟ್: ತಂಡವನ್ನೂ ತರಗತಿಯನ್ನೂ ಕಾಯ್ದ ಕೋಚ್

ಬಳ್ಳಾರಿಯ ಕಾಲೇಜೊಂದರಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿರುವ ನನ್ನನ್ನು, ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ತರಬೇತುದಾರರಾಗಿದ್ದ ಪ್ಯಾಟ್ ಸಮಿಟ್ ಅವರ ಆರಂಭದ ವರ್ಷಗಳು ಬಹುವಾಗಿ ಸೆಳೆದಿವೆ. 1974ರಲ್ಲಿ, 22ನೆಯ ವಯಸ್ಸಿಗೇ ಆ ಹೊಣೆ ಹೊತ್ತ ಅವರು ತಂಡದ ವ್ಯಾನನ್ನು ತಾವೇ ಓಡಿಸುತ್ತಿದ್ದರು, ಆಟಗಾರ್ತಿಯರ ಸಮವಸ್ತ್ರಗಳನ್ನೂ ತಾವೇ ಒಗೆಯುತ್ತಿದ್ದರು. ಹೆಣ್ಣುಮಕ್ಕಳ ಆಟಕ್ಕೆ ಆಗ ಅಲ್ಲಿಯೂ ಹೆಚ್ಚು ಹಣ ಸಿಗುತ್ತಿರಲಿಲ್ಲ. 1976ರ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ತರಬೇತುದಾರರಾಗಿ ಚಿನ್ನ, ಕಾಲೇಜು ಪಂದ್ಯಗಳಲ್ಲಿ 1,098 ಗೆಲುವು, 8 ಬಾರಿ ರಾಷ್ಟ್ರೀಯ ಚಾಂಪಿಯನ್ ಪಟ್ಟ.

ಆದರೆ ಅವರ ಬಳಿ ಪೂರ್ಣಾವಧಿ ಆಡಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದದ್ದನ್ನು ನಾನು ಇವೆಲ್ಲಕ್ಕಿಂತ ಮೇಲಿನ ಸಾಧನೆಯೆಂದು ಎಣಿಸುತ್ತೇನೆ. ತರಗತಿ ತಪ್ಪಿಸುವಂತಿರಲಿಲ್ಲ, ಮುಂದಿನ 3 ಸಾಲುಗಳಲ್ಲೇ ಕೂರಬೇಕಿತ್ತು. ಸಿರುಗುಪ್ಪ, ಸಂಡೂರಿನ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವ ನಮ್ಮ ಹುಡುಗಿಯರ ತಂದೆತಾಯಿಗಳು ಮೊದಲು ಕೇಳುವುದೇ, "ಆಟದಿಂದ ಓದು ಕೆಡುವುದಿಲ್ಲವೇ, ಮೇಡಂ?" ಎಂದು, ಅವರಿಗೆ ನಾನು ಈ ಸಂಗತಿಯನ್ನೇ ಹೇಳುತ್ತೇನೆ.

2011ರಲ್ಲಿ ತಮಗೆ ಆಲ್ಝೈಮರ್ ಕಾಯಿಲೆಯಿದೆಯೆಂದು ಬಹಿರಂಗವಾಗಿ ತಿಳಿಸಿದ ಸಮಿಟ್, ಪಂದ್ಯಗಳ ಇನ್ನೊಂದು ಋತುವನ್ನು ತಂಡದೊಂದಿಗೇ ಕಳೆದು, 2012ರಲ್ಲಿ ಹುದ್ದೆಯಿಂದ ಇಳಿದರು. ಹಿಂದೆ ಅವರಲ್ಲಿಯೇ ಆಡಿ, ಬಳಿಕ ದೀರ್ಘಕಾಲ ಸಹಾಯಕಿಯಾಗಿದ್ದ ಹಾಲಿ ವಾರ್ಲಿಕ್ ಆ ಸ್ಥಾನಕ್ಕೆ ಬಂದರು.