ಮುತ್ಯಾನ ಕ್ಯಾಸೆಟ್‌ಗಳು: ಮೂರನೆಯ ತಿಂಗಳ ಕೆಲಸ

ಆಳಂದ ತಾಲ್ಲೂಕಿನ ನಮ್ಮ ಊರಿನ ಅಮಾವಾಸ್ಯೆ ಭಜನೆಗಳಲ್ಲಿ ಮುತ್ಯಾ (ಅಜ್ಜ) ಹಾಡಿದ ತತ್ವಪದಗಳ 11 ಕ್ಯಾಸೆಟ್‌ಗಳನ್ನು ಕಲಬುರಗಿಯ ಮನೆಯಲ್ಲಿ ಕಂಪ್ಯೂಟರ್‌ಗೆ ಇಳಿಸುತ್ತಿದ್ದೇನೆ. ಕೆಲಸ ಮೂರನೆಯ ತಿಂಗಳಿಗೆ ಕಾಲಿಟ್ಟಿದೆ. ಪೂರ್ತಿಯಾಗಿರುವುದು ಮೊದಲ ಕ್ಯಾಸೆಟ್‌ನ ಒಂದೇ ಬದಿ.

ಆಡಾಸಿಟಿ ತಂತ್ರಾಂಶದಲ್ಲಿ 44,100 ಹರ್ಟ್ಸ್, 24 ಬಿಟ್‌ಗೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಅದಕ್ಕೂ ಮೊದಲು ಕ್ಯಾಸೆಟ್ ನುಡಿಸುವ ಡೆಕ್‌ನಲ್ಲಿ ಟೇಪನ್ನು ಓದುವ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು, ದಮ್ಮಡಿಯ ಬಿಲ್ಲೆಗಳ ಝಲ್ ಎನ್ನುವ ಸದ್ದು ಅತಿ ಸ್ಪಷ್ಟವಾಗಿ ಕೇಳುವವರೆಗೆ, ಕೂದಲೆಳೆಯಷ್ಟು ತಿರುಗಿಸಿದೆ. ಹೆಡ್ಡಿನ ಓರೆಯಿಂದ ಇಲ್ಲಿ ಕಳೆದುಹೋದ ತಾರ ಸ್ವರಗಳನ್ನು ಮುಂದೆ ಯಾವ ಈಕ್ವಲೈಜರ್ ಕೂಡ ಮರಳಿ ತರಲಾರದು.

ಮೊದಲ ತಿಂಗಳು ದೊಡ್ಡದೊಂದು ತಪ್ಪು ಮಾಡಿದೆ. ಟೇಪಿನ ಸುಯ್ ಸದ್ದನ್ನು ತೆಗೆಯಲು ನಾಯ್ಸ್ ರಿಡಕ್ಷನ್‌ಗೆ ಬರೀ ಗದ್ದಲವಿರುವ ತುಣುಕೊಂದನ್ನು ಮಾದರಿಯಾಗಿ ಕೊಡಬೇಕು. ಹಾಡು ಶುರುವಾಗುವ ಮುಂಚಿನ ನಾಲ್ಕು ಸೆಕೆಂಡುಗಳನ್ನು ಕೊಟ್ಟೆ. ಆದರೆ ಅಷ್ಟರಲ್ಲಾಗಲೇ ಏಕತಾರಿ ಮಿಡಿಯತೊಡಗಿತ್ತು. ತಂತ್ರಾಂಶ ಅದನ್ನೂ ಗದ್ದಲವೆಂದೇ ಎಣಿಸಿ ಇಡೀ ಬದಿಯಿಂದ ಶ್ರುತಿಯನ್ನೇ ಅಳಿಸಿಹಾಕಿತು. ಈಗ ಪದ ಮುಗಿದ ಮೇಲಿನ ಖಾಲಿ ಜಾಗದಿಂದ ಮಾದರಿ ತೆಗೆದುಕೊಂಡು 6 ಡೆಸಿಬೆಲ್ ಮಾತ್ರ ಇಳಿಸುತ್ತೇನೆ. ಸುಯ್ ಸದ್ದು ಸ್ವಲ್ಪ ಉಳಿಯುತ್ತದೆ, ಆದರೆ ಮುತ್ಯಾ ಉಸಿರೆಳೆದುಕೊಳ್ಳುವುದೂ ಉಳಿಯುತ್ತದೆ.

ಇಷ್ಟಾದ ಮೇಲೆ ಊರಿಗೆ ಹೋಗಿ, ಆ ಭಜನೆಗಳಲ್ಲಿ ತಾಳ ಹಾಕುತ್ತಿದ್ದ ಕಾಕಾನಿಗೆ ಹೆಡ್‌ಫೋನ್ ಕೊಟ್ಟು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಒಂದು ಪದ ಪೂರ್ತಿ ಕೇಳಿ, "ದನಿ ಅಪ್ಪಂದೇ ಅದ ತಮ್ಮಾ, ಆದರ ಇಷ್ಟು ಸಣ್ಣ ಇರಲಿಲ್ಲ" ಎಂದರು.

ಟೇಪು ವೇಗವಾಗಿ ಓಡುತ್ತಿದೆಯೆಂಬ ಸಂದೇಹ ನನಗೆ ಬಂದದ್ದೇ ಆಗ. ಅದನ್ನು ಅಳೆಯುವ ದಾರಿ, ನಾನು ತೆಗೆದುಹಾಕಲು ಹೊರಟಿದ್ದ ಗುಂಯ್ ಸದ್ದಿನಲ್ಲೇ ಇತ್ತು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಡೆಕ್‌ನ ಗುಂಯ್ ಸದ್ದು 50ರಲ್ಲಿಯೂ ಅದರ ಮೂರರಷ್ಟಾದ 150ರಲ್ಲಿಯೂ ಕಾಣುತ್ತದೆ. ಸದ್ದಿನಲ್ಲಿ ಯಾವ್ಯಾವ ಆವರ್ತನ ಎಷ್ಟಿದೆಯೆಂದು ತೋರಿಸುವ ಸ್ಪೆಕ್ಟ್ರಮ್ ನಕ್ಷೆಯನ್ನು ಸೂಕ್ಷ್ಮವಾಗಿ (65,536ರ ಗಾತ್ರದಲ್ಲಿ) ಬಿಡಿಸಿ ನೋಡಿದಾಗ 150ರ ಪಕ್ಕದಲ್ಲಿ, 154.5ರಲ್ಲಿ, ಇನ್ನೊಂದು ಶಿಖರ ನಿಂತಿತ್ತು. ಅದು ಅಂದಿನ ರೆಕಾರ್ಡರ್‌ನೊಳಗಿನ ಗುಂಯ್ ಸದ್ದು. ಟೇಪಿನ ಜೊತೆಗೆ ಅದೂ ಏರಿ ಬಂದಿದೆ. ಅಂದರೆ ಟೇಪು ನೂರಕ್ಕೆ 3ರಷ್ಟು ವೇಗವಾಗಿ ಓಡುತ್ತಿದೆ, ಹಾರ್ಮೋನಿಯಂನ ಅಕ್ಕಪಕ್ಕದ ಕಪ್ಪು ಬಿಳಿ ಪಟ್ಟಿಗಳ ನಡುವಿನ ಅಂತರದ ಅರ್ಧದಷ್ಟು. ಆದರೆ ಆ ಕಾಲದಲ್ಲಿ ವಿದ್ಯುತ್ ಜಾಲದ ಆವರ್ತನ 50ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾಗಿದ್ದುದರಿಂದ ಈ ಲೆಕ್ಕವೊಂದನ್ನೇ ನೆಚ್ಚುವಂತಿರಲಿಲ್ಲ; ಅಂದಿನ ಆವರ್ತನ ಕಡಿಮೆಯಿದ್ದಿದ್ದರೆ ಟೇಪಿನ ವೇಗ 3ಕ್ಕಿಂತಲೂ ಹೆಚ್ಚಿರಬೇಕು. 2.9 (3ರಷ್ಟು ಏರಿದ್ದನ್ನು ಮರಳಿ ಇಳಿಸಲು ಬೇಕಾದಷ್ಟು), 4 ಮತ್ತು 5 ಪ್ರತಿಶತ ವೇಗ ತಗ್ಗಿಸಿದ ಮೂರು ಪ್ರತಿಗಳನ್ನು, ಯಾವುದು ಯಾವುದೆಂದು ಹೇಳದೆ ಕಾಕಾನಿಗೆ ಕೇಳಿಸಿದೆ. ಎರಡು ಸಲವೂ ಅವರು 4ರದ್ದನ್ನೇ ಆರಿಸಿದರು. ಅದನ್ನೇ ಇಟ್ಟುಕೊಂಡಿದ್ದೇನೆ.

ಗುಂಯ್ ಸದ್ದಿಗೆ ವೇಗ ತಗ್ಗಿಸುವ ಮೊದಲೇ 50, 51.5, 150 ಮತ್ತು 154.5ರಲ್ಲಿ, ಆಯಾ ಆವರ್ತನದ ಆಸುಪಾಸನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಹಾಕಿದೆ. ಆ ಕತ್ತರಿಕೆ ಎಷ್ಟು ಕಿರಿದೆಂದು ನಿರ್ಧರಿಸುವ ಕ್ಯೂ ಬೆಲೆ ಆರಂಭದಲ್ಲಿ 5 ಇತ್ತು. 150ರಲ್ಲಿ ಅದು 30 ಹರ್ಟ್ಸ್ ಅಗಲದ ಹಳ್ಳ ತೋಡುತ್ತದೆ. 143ರಲ್ಲಿದ್ದ ಏಕತಾರಿಯ ತಂತಿ ಆ ಹಳ್ಳಕ್ಕೆ ಬಿದ್ದು ಮಂಕಾಯಿತು. ಕ್ಯೂ 30ಕ್ಕೆ ಏರಿಸಿದಾಗ ಹಳ್ಳ 5 ಹರ್ಟ್ಸ್‌ಗೆ ಕಿರಿದಾಗಿ ತಂತಿ ಮತ್ತೆ ಎದ್ದು ಬಂತು.

ಈಕ್ವಲೈಜರ್‌ನಲ್ಲಿ ಹೆಚ್ಚೇನೂ ಮಾಡಲಿಲ್ಲ. ಗುಡಿಯ ಕಲ್ಲುಗೋಡೆಗಳ ಮಾರ್ದನಿ ತುಂಬಿದ್ದ 300 ಹರ್ಟ್ಸ್ ಆಸುಪಾಸಿನಲ್ಲಿ 3 ಡೆಸಿಬೆಲ್ ಇಳಿಸಿ, ಮಾತಿನ ವ್ಯಂಜನಗಳಿಗಾಗಿ 3,000ದ ಹತ್ತಿರ 2 ಡೆಸಿಬೆಲ್ ಏರಿಸಿದೆ. ಪ್ರತಿ ನುಡಿಯ ಕೊನೆಯ ಅಕ್ಷರವೂ ಈಗ ಕೇಳುತ್ತದೆ. ತತ್ವಪದದಲ್ಲಿ ಅದೊಂದು ತಪ್ಪಿದರೂ ಅರ್ಥ ಕೈಗೆ ಸಿಗುವುದಿಲ್ಲ.

ಎರಡನೆಯ ಕ್ಯಾಸೆಟ್‌ನಲ್ಲಿ ಗುಂಯ್ ಸದ್ದಿನ ಎರಡನೆಯ ಶಿಖರವೇ ಇಲ್ಲ. ಅಂದು ಕರೆಂಟಿಲ್ಲದೆ ಸೆಲ್ ಹಾಕಿ ರೆಕಾರ್ಡ್ ಮಾಡಿದ್ದೆವೆಂದು ಕಾಕಾ ಹೇಳುತ್ತಾರೆ. ಸೆಲ್ ಸೋತಂತೆ ರೆಕಾರ್ಡರ್ ನಿಧಾನವಾಗಿದೆ, ಹಾಗಾಗಿ ಈಗ ನುಡಿಸಿದರೆ ಶ್ರುತಿ ಮೆಲ್ಲಗೆ ಏರುತ್ತಾ ಹೋಗುತ್ತದೆ. ಈ ವಾರ ಐದೈದು ನಿಮಿಷಕ್ಕೊಮ್ಮೆ ಏಕತಾರಿಯ ಆವರ್ತನವನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.