ಆಗುಂಬೆ ಇಳಿದು ಕೊಲ್ಲೂರು ಕಡೆಯಿಂದ ಹತ್ತೋ ಪ್ಲಾನು

ತುಮಕೂರಿಂದ ಕರಾವಳಿಗೆ ಹೊರಟ್ರೆ ನಮ್ಮ ಕಡೆಯೋರು ಕಣ್ಮುಚ್ಕೊಂಡು ಹಿಡಿಯೋದು ಒಂದೇ ದಾರಿ, ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಇಳಿದ್ರೆ ಧರ್ಮಸ್ಥಳ. ಮಂಗಳೂರಿಂದ ಬರೋ ಹೈವೇ 73 ನಮ್ಮೂರಿಗೇ ಬಂದು ಮುಗಿಯೋದ್ರಿಂದ ಅದು ಮನೆ ದಾರಿ ಇದ್ದಂಗೆ. ಅಣ್ಣ ಇರೋದು ತಿಪಟೂರಲ್ಲಿ, ಅವ್ನೂ ಅದನ್ನೇ ಹೇಳ್ದ. ಈ ಸಲ ಬೇಡ, ಶಿವಮೊಗ್ಗ ತೀರ್ಥಹಳ್ಳಿ ಮೇಲೆ ಹೋಗಿ ಆಗುಂಬೆ ಇಳಿಯೋಣ ಅಂತ ಹಠ ಹಿಡಿದಿರೋಳು ನಾನು.

ಯಾಕಂದ್ರೆ ನಮ್ಮೋರ ಟೂರ್ ಪ್ಲಾನ್ ಎಲ್ಲಾ ಸಮುದ್ರದಿಂದ ಶುರುವಾಗುತ್ತೆ. ಉಡುಪಿ, ಮಲ್ಪೆ, ಮುರುಡೇಶ್ವರ, ಗೋಕರ್ಣ ಅಂತ ಪಟ್ಟಿ ಮಾಡ್ತಾರೆ, ಆಮೇಲೆ ರಾತ್ರಿ ಊಟ ಮಾಡ್ಕೊಂಡು ಹತ್ತು ಗಂಟೆಗೆ ಹೊರಟ್ರೆ ಬೆಳಗಾಗೋ ಹೊತ್ತಿಗೆ ಕೆಳಗಡೆ ಇರ್ತೀವಿ, ಒಂದು ದಿನ ಉಳೀತು ಅಂತಾರೆ. ಹಂಗೆ ಉಳಿಸಿದ ದಿನದಲ್ಲಿ ಕಳ್ಕೊಳ್ಳೋದೇನು ಅಂದ್ರೆ ಇಡೀ ಕಾಡು. ಚಿಕ್ಕೋಳಿದ್ದಾಗಿಂದ ಘಾಟಿ ಅಂದ್ರೆ ನಂಗೆ ಗೊತ್ತಿರೋದು ಕತ್ತಲು, ತಿರುವಲ್ಲಿ ಬಸ್ಸು ವಾಲೋದು, ಹಿಂದಿನ ಸೀಟಲ್ಲಿ ಯಾರೋ ವಾಂತಿ ಮಾಡ್ಕೊಳ್ಳೋ ಸದ್ದು, ಇಷ್ಟೇ. ಪಶ್ಚಿಮ ಘಟ್ಟದ 39 ಜಾಗಗಳನ್ನ ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಅದ್ರಲ್ಲಿ ಹತ್ತು ನಮ್ಮ ರಾಜ್ಯದ್ದೇ, ಆಗುಂಬೆ ಕಾಡೂ ಇದೆ, ಅದರ ಕೆಳಗಿರೋ ಸೋಮೇಶ್ವರ ಅಭಯಾರಣ್ಯನೂ ಇದೆ, ಅಂಥಾ ಜಾಗನ ನಿದ್ದೆಗಣ್ಣಲ್ಲಿ ದಾಟಿ ಹೋಗೋದು ನಂಗೆ ಇಷ್ಟ ಇಲ್ಲ. ಅದಕ್ಕೇ ಈ ಪ್ಲಾನಲ್ಲಿ ಮೊದಲು ಬರ್ದಿದ್ದೇ ಒಂದು ಸಾಲು, ಇಳಿಯೋ ಘಾಟಿನೂ ಹತ್ತೋ ಘಾಟಿನೂ ಹಗಲಲ್ಲೇ. ಉಳಿದಿದ್ದೆಲ್ಲಾ ಅದಕ್ಕೆ ಹೊಂದ್ಕೊಂಡು ಬರಬೇಕು.

ಯಾವಾಗ ಹೋಗೋದು ಅನ್ನೋದೇ ದೊಡ್ಡ ಚರ್ಚೆ ಆಯ್ತು. ಜುಲೈನಲ್ಲೇ ಹೋಗೋಣ, ಮಳೆಕಾಡನ್ನ ಮಳೇಲೇ ನೋಡ್ಬೇಕು ಅಂತ ಅಣ್ಣಂಗೆ ಆಸೆ. ಅಮ್ಮ ಮಾತ್ರ "ಮಳೆಗಾಲ್ದಾಗೆ ಮಳೆ ನೋಡಕ್ಕೆ ಅಷ್ಟ್ ದೂರ ಹೋಗ್ಬೇಕೇನೆ" ಅಂದ್ರು. ಅಮ್ಮಂಗೆ ಗೊತ್ತಿರೋ ಮಳೆ ನಮ್ಮ ಜಿಲ್ಲೆ ಮಳೆ, ವರ್ಷಕ್ಕೆಲ್ಲಾ ಸೇರಿ 600 ಮಿಲಿಮೀಟರ್ ಆಸುಪಾಸು. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ. ಅರಬ್ಬಿ ಸಮುದ್ರದಿಂದ ಬರೋ ಮೋಡಕ್ಕೆ ಅಲ್ಲಿ ಘಟ್ಟ ಗೋಡೆ ಥರ ಅಡ್ಡ ನಿಂತಿದೆ, ಮೇಲಕ್ಕೇರಿ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತೆ, ದಾಟಿ ನಮ್ಮ ಕಡೆ ಬರೋ ಹೊತ್ತಿಗೆ ಮಿಕ್ಕಿರೋದೇ ಅಷ್ಟು. ಹವಾಮಾನ ಇಲಾಖೆಯೋರು ರೆಡ್ ಅಲರ್ಟ್ ಅಂದ್ರೆ 24 ಗಂಟೆಲಿ 200 ಮಿಲಿಮೀಟರ್‌ಗಿಂತ ಜಾಸ್ತಿ ಬೀಳಬಹುದು ಅಂತ ಅರ್ಥ, ಅಂದ್ರೆ ನಮ್ಮ ಜಿಲ್ಲೆಗೆ ವರ್ಷಪೂರ್ತಿ ಬೀಳೋದ್ರಲ್ಲಿ ಮೂರನೇ ಒಂದು ಪಾಲು ಒಂದೇ ದಿನದಲ್ಲಿ. ಈ ಲೆಕ್ಕ ಹೇಳಿದ್ಮೇಲೆ ಅಣ್ಣನೂ ಸುಮ್ಮನಾದ. ಬರೀ ಮಳೆ ಭಯ ಅಲ್ಲ ಇದು. 2024ರ ಜುಲೈಲಿ ಅಂಕೋಲಾ ಹತ್ರ ಶಿರೂರಲ್ಲಿ ಹೈವೇ 66ರ ಮೇಲೇ ಗುಡ್ಡ ಕುಸೀತು, ಚಹಾ ಕುಡಿಯಕ್ಕೆ ಅಂತ ಗಾಡಿ ನಿಲ್ಸಿದೋರೂ ಹೋಗಿಬಿಟ್ರು. ವಯಸ್ಸಾದೋರನ್ನೂ ಮಕ್ಕಳನ್ನೂ ಕೂರಿಸ್ಕೊಂಡು ಜುಲೈ ಘಾಟಿಗೆ ನಾನಂತೂ ಹೋಗಲ್ಲ.

ಹಂಗಂತ ಡಿಸೆಂಬರೂ ಬೇಡ ಅನ್ನಿಸ್ತು, ಅಷ್ಟೊತ್ತಿಗೆ ಝರಿಗಳು ಸೊರಗಿರ್ತವೆ. ಸೆಪ್ಟೆಂಬರ್ ಕೊನೆ ಅಂತ ಇಟ್ಕೊಂಡಿದೀವಿ. ಮಳೆ ಪೂರ್ತಿ ಹೋಗಿರಲ್ಲ, ಸಂಜೆ ಹೊತ್ತು ಒಂದು ಹೊಡೆತ ಹೊಡೀಬಹುದು, ಆದ್ರೆ ಬಂಡೆ ಮೇಲೆಲ್ಲಾ ನೀರು ಇಳೀತಾನೇ ಇರುತ್ತೆ. ಅಣ್ಣಂಗೆ ಮೀನೂಟದ ಚಿಂತೆ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ, ಆಗ ನಾಡದೋಣಿಯೋರು ತಂದಿದ್ದಷ್ಟೇ ತಾಜಾ ಮೀನು, ಸೆಪ್ಟೆಂಬರಲ್ಲಿ ಆ ತೊಂದ್ರೆ ಇಲ್ಲ. ದಸರಾ ರಜಕ್ಕೆ ಮುಂಚೆ ಹೋದ್ರೆ ರೂಮೂ ಸಿಗುತ್ತೆ, ಪುಟ್ಟನ ಸ್ಕೂಲಿಗೆ ರಜ ಹಾಕಿಸ್ಬೇಕು, ಅದು ಅತ್ತಿಗೆ ಪಾಲಿನ ಕೆಲಸ.

ದಾರಿ ಹೀಗೆ. ನಾನೂ ಅಮ್ಮನೂ ಬೆಳಗಿನ ಜಾವ ಶಿರಾ ಗೇಟಿಂದ ಹೊರಟು ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ತಿಪಟೂರಲ್ಲಿ ಅಣ್ಣ ಅತ್ತಿಗೆ ಪುಟ್ಟನ್ನ ಹತ್ತಿಸ್ಕೊಳ್ಳೋದು, ತಿಂಡಿ ಅವ್ರ ಮನೇಲೇ. ಆಮೇಲೆ ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಇಲ್ಲೀತನಕ 200 ಕಿಲೋಮೀಟರ್ ಚಿಲ್ಲರೆ, ನೋಡೋಕೆ ತೆಂಗು, ಅಡಿಕೆ, ರೋಡು. ನಿಜವಾದ ಪ್ರಯಾಣ ಶಿವಮೊಗ್ಗ ದಾಟಿದ್ಮೇಲೆ, ತೀರ್ಥಹಳ್ಳಿ ರೋಡಲ್ಲಿ ತುಂಗೆ ಪಕ್ಕದಲ್ಲೇ ಬರ್ತಾಳೆ, ಸಕ್ರೆಬೈಲು ಆನೆ ಬಿಡಾರ ಸಿಗುತ್ತೆ, ಮಂಡಗದ್ದೇಲಿ ನದಿ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಗೂಡು ಕಟ್ಟೋ ಪಕ್ಷಿಧಾಮ ಇದೆ. ಪುಟ್ಟಂಗೆ ಆನೆ ಸ್ನಾನ ನೋಡೋ ಆಸೆ, ಆದ್ರೆ ಅದು ಬೆಳಗ್ಗೆ ಹೊತ್ತಿನ ವ್ಯವಹಾರ, ನಾವು ತಲುಪೋ ಟೈಮಿಗೆ ಆಗಲ್ಲ, ಅವನಿಗೆ ಈಗ್ಲೇ ಹೇಳಿಟ್ಟಿದೀನಿ.

ಆ ರಾತ್ರಿ ಆಗುಂಬೇಲೇ ಉಳ್ಕೊಳ್ಳೋದು. ಇದಕ್ಕೂ ಒಂದು ಜಗಳ ಆಯ್ತು, ಇನ್ನೇನು 55 ಕಿಲೋಮೀಟರ್ ಹೋದ್ರೆ ಉಡುಪಿ, ಸೂರ್ಯಾಸ್ತ ನೋಡ್ಕೊಂಡು ಇಳಿದುಬಿಡೋಣ ಅಂತ ಅಣ್ಣ. ಆದ್ರೆ ಯೋಚ್ನೆ ಮಾಡಿ, ಸೂರ್ಯಾಸ್ತ ನೋಡಿ ಇಳಿಯೋದು ಅಂದ್ರೆ ಆ 14 ಹೇರ್‌ಪಿನ್ ತಿರುವುಗಳನ್ನ ಕತ್ತಲಲ್ಲಿ, ಮಂಜಲ್ಲಿ, ಎದುರಿಂದ ಹತ್ತಿ ಬರೋರ ಲೈಟು ಕಣ್ಣಿಗೆ ಹೊಡೆಸ್ಕೊಂಡು ಇಳಿಯೋದು ಅಂತ. ರಸ್ತೆ ಎಷ್ಟು ಕಿರಿದು ಅಂದ್ರೆ ಈ ಘಾಟಿಗೆ ದೊಡ್ಡ ಬಸ್ಸೇ ಬಿಡಲ್ಲ, ಮಿನಿ ಬಸ್ಸುಗಳೇ ಓಡೋದು, ಮಳೆಗಾಲದಲ್ಲಿ ಭಾರಿ ವಾಹನ ಪೂರ್ತಿ ಬಂದ್ ಮಾಡ್ತಾರೆ. ಸೂರ್ಯಾಸ್ತ ನೋಡಿ ವಾಪಸ್ ಊರಿಗೆ ಬಂದು ಮಲಗಿ, ಬೆಳಗ್ಗೆ ಮಂಜು ತಿಳಿಯಾದ್ಮೇಲೆ ಒಂಬತ್ತು ಗಂಟೆಗೆ ನಿಧಾನಕ್ಕೆ ಇಳಿಯೋದು ಅಂತ ತೀರ್ಮಾನ ಆಯ್ತು.

ಆಗುಂಬೆ ರಾತ್ರಿ ಸುಮ್ನೆ ಮಲಗಕ್ಕಲ್ಲ, ಅದೂ ನೋಡೋ ಅಂಥದ್ದೇ. ಕತ್ತಲಾದ್ಮೇಲೆ ಕಪ್ಪೆಗಳದ್ದೇ ರಾಜ್ಯ, ಒಂದೊಂದು ಜಾತಿದು ಒಂದೊಂದು ಥರ ಸದ್ದು, ಟಾರ್ಚ್ ಹಿಡಿದು ಎಲೆ ಕೆಳಗೆ ನೋಡಿದ್ರೆ ಉಗುರಷ್ಟು ದೊಡ್ಡದಿರೋ ಕಪ್ಪೆ ಗಂಟಲು ಉಬ್ಬಿಸ್ಕೊಂಡು ಕೂತಿರುತ್ತೆ, ಇಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದು ಹೆಂಗೆ ಬರುತ್ತೆ ಅಂತ ಆಶ್ಚರ್ಯ ಆಗುತ್ತೆ. ಕಾಳಿಂಗ ಸರ್ಪದ ಊರದು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೇ ಕಾಳಿಂಗನ ಸಲುವಾಗಿ. ಹಾವಿನ ಹೆಸರು ಕೇಳಿ ಅತ್ತಿಗೆ ಬರಲ್ಲ ಅಂತಿದ್ರು, ಅದು ಮನುಷ್ಯರನ್ನ ಹುಡ್ಕೊಂಡು ಬರಲ್ಲ, ಅದರ ಊಟ ಬೇರೆ ಹಾವುಗಳು ಅಂತ ಹೇಳಿ ಒಪ್ಪಿಸಿದೀನಿ. ನಿಜವಾಗ್ಲೂ ಕಾಟ ಕೊಡೋದು ಇಂಬಳ, ಅಂದ್ರೆ ಕಾಡಿನ ಜಿಗಣೆ. ಕಾಲಿಗೆ ಹತ್ತಿದ್ದು ಗೊತ್ತೇ ಆಗಲ್ಲ, ರಕ್ತ ಇಳಿಯೋದು ನೋಡಿದ್ಮೇಲೇ ಗೊತ್ತಾಗೋದು. ಉಪ್ಪು ಕಟ್ಟಿರೋ ಬಟ್ಟೆ ಗಂಟು ಒಂದು ಜೇಬಲ್ಲಿರ್ಲಿ, ಪ್ಯಾಂಟು ಸಾಕ್ಸ್ ಒಳಗೆ ಸೇರಿಸ್ಕೊಳ್ಳಿ ಅಂತ ಎಲ್ರಿಗೂ ಹೇಳಿದೀನಿ.

ಗಾಡಿ ವಿಷಯ. ನಂದು ಸಣ್ಣ ಕಾರು, ಘಾಟಿಗೆ ಸಣ್ಣದೇ ಒಳ್ಳೇದು. ಟೈರ್ ಗೀರುಗಳ ಮಧ್ಯ ಒಂದು ಸಣ್ಣ ಉಬ್ಬು ಇರುತ್ತೆ, ರಬ್ಬರ್ ಸವೆದು ಅದರ ಮಟ್ಟಕ್ಕೆ ಬಂದಿದ್ರೆ ಟೈರ್ ಮುಗೀತು ಅಂತ ಅರ್ಥ, ನಮ್ಮ ಒಣ ರೋಡಲ್ಲಿ ಇನ್ನೊಂದಷ್ಟು ದಿನ ಓಡುತ್ತೆ ಅನ್ಕೊಂಡಿರೋ ಟೈರು ಅಲ್ಲಿ ನೀರಲ್ಲಿ ಜಾರುತ್ತೆ. ಹಿಂದಿನ ಎರಡೂ ಬದಲಾಯಿಸ್ತಿದೀನಿ. ವೈಪರ್ ಬ್ಲೇಡ್ ಬಿಸಿಲಿಗೆ ಗಟ್ಟಿಯಾಗಿ ಗಾಜಿನ ಮೇಲೆ ಗೆರೆ ಎಳೀತಿತ್ತು, ಅದೂ ಹೊಸದು. ಬ್ರೇಕ್ ಪ್ಯಾಡ್ ನೋಡಿಸಿದ್ದಾಯ್ತು. ಇಳಿಜಾರಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಬಿಸಿಯಾಗಿ ಕೊನೇಗೆ ಹಿಡಿಯಲ್ಲ, ಯಾವ ಗೇರಲ್ಲಿ ಹತ್ತೀವೋ ಅದೇ ಗೇರಲ್ಲಿ ಇಳೀಬೇಕು, ನ್ಯೂಟ್ರಲ್ ಅಂತೂ ಬೇಡವೇ ಬೇಡ. ಮೇಲೆ ಹತ್ತಿ ಬರೋ ಗಾಡಿಗೆ ಮೊದಲು ದಾರಿ ಬಿಡಬೇಕು. ಒಳಗಡೆ ಗಾಜು ಮಂಜಾದ್ರೆ ಬಟ್ಟೇಲಿ ಒರೆಸ್ತಾ ಕೂರ್ಬಾರ್ದು, ಏಸಿ ಹಾಕಿ ಗಾಳಿ ಗಾಜಿನ ಕಡೆ ತಿರುಗಿಸಿದ್ರೆ ಕ್ಷಣದಲ್ಲಿ ತಿಳಿಯಾಗುತ್ತೆ. ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತೆ, ಡಿಪ್ಪೇ ಸರಿ. ಪೆಟ್ರೋಲ್ ತೀರ್ಥಹಳ್ಳೀಲಿ ಫುಲ್, ಮ್ಯಾಪು ಮನೇಲೇ ಡೌನ್‌ಲೋಡು, ಕಾಡೊಳಗೆ ನೆಟ್‌ವರ್ಕ್ ನಂಬಂಗಿಲ್ಲ.

ಪುಟ್ಟಂಗೆ ತಿರುವಲ್ಲಿ ವಾಂತಿ ಆಗುತ್ತೆ, ಅವತ್ತು ಬೆಳಗ್ಗೆ ಎರಡು ಇಡ್ಲಿ ಅಷ್ಟೇ, ಮೊಬೈಲ್ ಕೈಗೆ ಕೊಡಂಗಿಲ್ಲ, ದೂರ ನೋಡ್ತಾ ಕೂರ್ಬೇಕು. ಕೋತಿಗಳಿಗೆ ಬಿಸ್ಕತ್ ಎಸೆಯೋದೂ ಇಲ್ಲ, ಇದು ಅವನಿಗಿಂತ ಜಾಸ್ತಿ ಅಮ್ಮಂಗೆ ಹೇಳ್ಬೇಕಾಗಿರೋ ಮಾತು. ರೋಡಿಗೆ ಇಳಿಯೋದು ಅಭ್ಯಾಸ ಆದ್ರೆ ಗಾಡಿಗೆ ಸಿಕ್ಕೇ ಸಾಯೋದು ಅವು. ಆ ಕಾಡಲ್ಲಿ ಸಿಂಗಳೀಕನೂ ಇದೆ, ಮುಖದ ಸುತ್ತ ಬೆಳ್ಳಗೆ ಕೇಸರ, ಪಶ್ಚಿಮ ಘಟ್ಟ ಬಿಟ್ರೆ ಜಗತ್ತಲ್ಲಿ ಇನ್ನೆಲ್ಲೂ ಕಾಡಲ್ಲಿ ಸಿಗಲ್ಲ ಅದು.

ಕೆಳಗಿಳಿದು ಹೆಬ್ರೀಲಿ ನೀರ್ ದೋಸೆ, ಆಮೇಲೆ ಉಡುಪಿ. ಕೃಷ್ಣ ಮಠ, ಅಲ್ಲೇ ಊಟ, ಅಮ್ಮಂಗೆ ಕುಚ್ಚಲಕ್ಕಿ ಅನ್ನ ಒಗ್ಗಲ್ಲ ಅಂತ ಬೆಳ್ತಿಗೆ ಅನ್ನ ಎಲ್ಲಿ ಸಿಗುತ್ತೆ ವಿಚಾರಿಸ್ಕೊಂಡಿದೀನಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋದನ್ನ ಪ್ಲಾನಲ್ಲಿ ಪೆನ್ಸಿಲಲ್ಲಿ ಬರ್ದಿದೀನಿ, ಮಳೆಗಾಲದಲ್ಲಿ ಬೋಟ್ ನಿಲ್ಲಿಸಿರ್ತಾರೆ, ಸಮುದ್ರ ಶಾಂತ ಆದ್ಮೇಲೇ ಶುರು. ಮಡಗಾಸ್ಕರ್ ಭಾರತದಿಂದ ಬೇರೆ ಆದ ಕಾಲದ ಲಾವಾ ಅಲ್ಲಿ ಕಂಬ ಕಂಬವಾಗಿ ನಿಂತಿದೆ, ಬೋಟ್ ಇದ್ರೆ ಬಿಡಲ್ಲ. ಮಾರನೇ ದಿನ ಕುಂದಾಪುರ ದಾಟಿ ಮರವಂತೆ, ಹೈವೇ 66ರ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿ ನೋಡೋದಷ್ಟೇ, ನೀರಿಗೆ ಯಾರೂ ಇಳಿಯಂಗಿಲ್ಲ, ಸೆಪ್ಟೆಂಬರಲ್ಲಿ ಇನ್ನೂ ಸೆಳೆತ ಜೋರಿರುತ್ತೆ. ಮುರುಡೇಶ್ವರ, ಗೋಕರ್ಣ ಎರಡೂ ಕೈಬಿಟ್ಟಿದೀನಿ. ಜೋಗನೂ ಬಿಟ್ಟೆ. ಅಷ್ಟು ದೂರ ಹೋಗಿ ಜೋಗ ನೋಡ್ದೆ ಬರೋದಾ ಅಂತ ಅಣ್ಣ ಇನ್ನೂ ಗೊಣಗ್ತಿದಾನೆ. ಜೋಗಕ್ಕೇ ಅಂತ ಬೇರೆ ಹೋಗೋಣ, ಓಡ್ಕೊಂಡು ಹೋಗಿ ಫೋಟೋ ತೆಗ್ದು ಬರೋ ಜಾಗ ಅಲ್ಲ ಅದು.

ವಾಪಸ್ ಬರೋದು ಕೊಲ್ಲೂರು ಮೇಲೆ. ಅಮ್ಮಂಗೆ ಮೂಕಾಂಬಿಕೆ ದರ್ಶನ ಆಗ್ಲೇಬೇಕು, ನಂಗೆ ಮೂಕಾಂಬಿಕಾ ಅಭಯಾರಣ್ಯದ ಕಾಡು ಹಗಲಲ್ಲಿ ನೋಡ್ಬೇಕು, ಇಬ್ರಿಗೂ ಒಂದೇ ದಾರಿ. ಬೆಳಗ್ಗೆ ದರ್ಶನ ಮುಗ್ಸಿ ನಾಗೋಡಿ ಘಾಟಿ ಹತ್ತಿ ನಿಟ್ಟೂರು, ಇದು ನಮ್ಮ ಗುಬ್ಬಿ ನಿಟ್ಟೂರಲ್ಲ, ಹೊಸನಗರದ್ದು. ಕೊಡಚಾದ್ರಿ ಅಲ್ಲಿಂದ ಎದುರಿಗೇ ಕಾಣುತ್ತೆ, 1,343 ಮೀಟರ್, ಜೀಪಲ್ಲಿ ಹತ್ತಬಹುದು, ಆದ್ರೆ ಆ ಕುಲುಕಾಟ ಅಮ್ಮನ ಸೊಂಟಕ್ಕೆ ಆಗಲ್ಲ. ಅದರ ಬದಲು ನಗರದ ಕೋಟೆ, ಕೆಳದಿ ಅರಸರ ರಾಜಧಾನಿ ಬಿದನೂರು ಅಂದ್ರೆ ಇದೇ, 1763ರಲ್ಲಿ ಹೈದರಾಲಿ ತಗೊಂಡ. ಆಮೇಲೆ ಹೊಸನಗರ, ರಿಪ್ಪನ್‌ಪೇಟೆ, ಆಯನೂರು, ಶಿವಮೊಗ್ಗ, ಅಲ್ಲಿಂದ ಕತ್ತಲಾದ್ರೂ ಪರವಾಗಿಲ್ಲ, ಗೊತ್ತಿರೋ ರೋಡು.

ಆಗುಂಬೆ ರೂಮ್ ಹೇಳಿದ್ದಾಯ್ತು, ರೆಡ್ ಅಲರ್ಟ್ ಬಂದ್ರೆ ದಿನಾಂಕ ಮುಂದೆ ಹಾಕ್ಕೊಡ್ತೀವಿ ಅಂತ ಫೋನಲ್ಲಿ ಒಪ್ಪಿದಾರೆ. ಈಗ ಉಳಿದಿರೋ ಅನುಮಾನ ನಾಗೋಡಿದು ಮಾತ್ರ. ಈ ಮಳೆಗಾಲದಲ್ಲಿ ಕೊಲ್ಲೂರಿಂದ ನಿಟ್ಟೂರಿಗೆ ಸಣ್ಣ ಕಾರಲ್ಲಿ ಹೋಗಿಬಂದೋರು ಯಾರಾದ್ರೂ ಇದ್ರೆ ರಸ್ತೆ ಹೆಂಗಿದೆ ಅಂತ ತಿಳಿಸಿ, ತೀರಾ ಹಾಳಾಗಿದ್ರೆ ಕುಂದಾಪುರ ಕಡೆ ಹಿಂದಕ್ಕೆ ಬಂದು ಸಿದ್ದಾಪುರ, ಹೊಸಂಗಡಿ ಮೇಲೆ ಬಾಳೆಬರೆ ಘಾಟಿ ಹತ್ತಬೇಕಾಗುತ್ತೆ, ಹಂಗಾದ್ರೆ ಕೊಲ್ಲೂರಿಂದ ಇನ್ನೂ ಬೇಗ ಹೊರಡಬೇಕು ಅಂತ ಅಮ್ಮಂಗೆ ಮೊದಲೇ ಹೇಳಿಡಬೇಕು.